ನೋಟೋ ಸ್ಯಾನ್ಸ್ ಕನ್ನಡ ಫಾಂಟ್: ನಮ್ಮ ಅಂಗಡಿಯ ಅಕ್ಕಿಗೆ ಒತ್ತು ವಾಪಸ್ ಬಂತು

ಕಾಕಾನ ಕಿರಾಣಿ ಅಂಗಡಿಗೆ ನಾನೇ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ ಒಂದಿದೆ. ಪೈಥಾನ್, ಮೇಲೆ ಕಿಟಕಿ-ಬಟನ್ ತೋರಿಸೋಕೆ ಕ್ಯೂಟಿ (Qt), ಅಷ್ಟೇ. ವಿಂಡೋಸ್‌ನಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು. ಹೋದ ತಿಂಗಳು ಅದೇ ಹಳೆ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿ ಓಡಿಸಿದೆ. ಎರರ್ ಒಂದೂ ಇಲ್ಲ. ಆದ್ರೆ ಬಟನ್‌ಗಳಲ್ಲಿ ಅಕ್ಷರ ದೊಡ್ಡದಾಗಿ, ಕೆಳಗಿನ ಒತ್ತು ಕಟ್ ಆಗಿ, 'ಅಕ್ಕಿ' ಹೋಗಿ 'ಅಕಿ' ಆಗಿತ್ತು. ನಮ್ಮ ಧಾರವಾಡದ ಕಡೆ ಅಕಿ ಅಂದ್ರೆ ಅವಳು. "ಯಾರಪಾ ಅಕಿ?" ಅಂತ ಕಾಕಾ ನಕ್ಕಿದ್ದೇ ನಕ್ಕಿದ್ದು.

ತಪ್ಪು ನನ್ನದೇ. ಕೋಡ್‌ನಲ್ಲಿ 'ತುಂಗಾ' ಅಂತ ಬರೆದಿಟ್ಟಿದ್ದೆ. ಅದು ಮೈಕ್ರೋಸಾಫ್ಟ್ ಫಾಂಟು, ಉಬುಂಟುನಲ್ಲಿ ಇರುವುದಿಲ್ಲ. ಇಲ್ಲದ ಫಾಂಟ್ ಕೇಳಿದರೆ ಕ್ಯೂಟಿ ಗಲಾಟೆ ಮಾಡುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಸುಮ್ನೆ ಹಾಕಿಬಿಡುತ್ತದೆ. ಇಲ್ಲಿ ಸಿಕ್ಕಿದ್ದು ಲೋಹಿತ್. ಅದೇನೂ ಕೆಟ್ಟ ಫಾಂಟ್ ಅಲ್ಲ, ಆದರೆ ಅದೇ ಸೈಜಿನಲ್ಲಿ ತುಂಗಾ ಅಕ್ಷರ ಚಿಕ್ಕದಾಗಿ ಕಾಣುತ್ತದೆ, ನಾನು ಬಟನ್ ಅಳತೆ ಇಟ್ಟಿದ್ದು ಅದಕ್ಕೆ. (ವಿಂಡೋಸ್ 10ರಲ್ಲೂ ತುಂಗಾ ಬೇಕಾದವರು ಮಾತ್ರ ಹಾಕಿಕೊಳ್ಳುವ ಫಾಂಟ್, ಹಾಗಾಗಿ ಅಲ್ಲೂ ಗ್ಯಾರಂಟಿ ಇಲ್ಲ.)

ತುಂಗಾ ಫೈಲನ್ನೇ ಕಾಪಿ ಮಾಡಿದರಾಯ್ತಲ್ವಾ ಅಂದ್ರೆ ಲೈಸೆನ್ಸ್ ಅಡ್ಡ ಬರುತ್ತದೆ. ಆಗ ಗೂಗಲ್‌ನವರ ನೋಟೋ ತಂದೆ. ಫಾಂಟ್ ಇಲ್ಲದಾಗ ಕಾಣುವ ಖಾಲಿ ಚೌಕಗಳಿಗೆ 'ತೋಫು' ಅಂತಾರೆ, ಅದು ಬೇಡ ('ನೋ ತೋಫು') ಅನ್ನೋದೇ ನೋಟೋ ಅನ್ನುವ ಹೆಸರು. ಲೈಸೆನ್ಸ್ ಓಪನ್. ಲೈಸೆನ್ಸ್ ಫೈಲನ್ನೂ ಜೊತೆಗಿಟ್ಟರೆ ಪ್ರೋಗ್ರಾಂ ಒಳಗೇ ಸೇರಿಸಿ ಕೊಡಬಹುದು. ಫೋಲ್ಡರಿನಲ್ಲಿ ಫಾಂಟ್ ಇಟ್ಟು, ಶುರುವಿನಲ್ಲೇ ಲೋಡ್ ಮಾಡುವ ಒಂದು ಸಾಲು ಬರೆದೆ. ಈಗ ವಿಂಡೋಸ್, ಉಬುಂಟು, ತಮ್ಮನ ಮ್ಯಾಕ್, ಮೂರರಲ್ಲೂ ಅಕ್ಷರ ಒಂದೇ. ತೆಳುವಿನಿಂದ ಕಡು ದಪ್ಪದವರೆಗೆ 9 ತೂಕಗಳಿವೆ (ತೂಕ ಅಂದ್ರೆ ಗೆರೆಯ ದಪ್ಪ), ನನಗೆ ಬೇಕಾಗಿದ್ದು ಎರಡೇ.

ಕಿರಿಕಿರಿಯೂ ಇದೆ. ಇದು ಜಾಗ ಜಾಸ್ತಿ ತಿನ್ನುತ್ತದೆ. ಬಟನ್ ಎತ್ತರ ಗಟ್ಟಿ ಮಾಡಿಟ್ಟಿದ್ದನ್ನೆಲ್ಲ ತೆಗೆದು, ಅಕ್ಷರಕ್ಕೆ ತಕ್ಕಂತೆ ಹಿಗ್ಗುವ ಹಾಗೆ ಬರೆಯಬೇಕಾಯಿತು. ಇನ್ನೊಂದು, ಕಾಕಾನ ಹಳೆ ಸಾಮಾನಿನ ಪಟ್ಟಿ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಮುಂಚಿನ ನುಡಿ ಫಾಂಟಿನಲ್ಲಿತ್ತು. ಅಲ್ಲಿ ಚೌಕವೂ ಬರುವುದಿಲ್ಲ, 'ನ' ಇರಬೇಕಾದ ಕಡೆ ಪೌಂಡ್ ಚಿಹ್ನೆ! ಅದಕ್ಕೆ ಯಾವ ಹೊಸ ಫಾಂಟೂ ಮದ್ದಲ್ಲ, ಪಟ್ಟಿಯನ್ನೇ ಯೂನಿಕೋಡ್‌ಗೆ ಬದಲಾಯಿಸಬೇಕು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ, ಬಟನ್‌ಗಳಿಗಾಗಿ ಹೋದ ಭಾನುವಾರಕ್ಕೆ.