ಚಪಡಾ ಅರಗು: ಹಳೇ ಸಾಗವಾನಿಗೆ ಹೇಳಿ ಮಾಡಿಸಿದ್ದು, ಊಟದ ಟೇಬಲ್ಲಿಗೆ ಬೇಡ

ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಕಿತ್ತುಕೊಂಡದ್ದು ಬಿಸಿ ಚಹಾದ ಕಪ್ಪು, ಅದು ಆಮೇಲೆ.

ಚಪಡಾ ಅಂದರೆ ಅರಗಿನ ಚಕ್ಕೆ. ಮುತ್ತುಗ, ಬಾರಿ (ಬೋರೆ) ಗಿಡಗಳ ಟೊಂಗೆಯ ಮೇಲೆ ಅರಗಿನ ಹುಳ ಕಟ್ಟುವ ಅಂಟನ್ನು ಕಾಯಿಸಿ, ಸೋಸಿ, ತೆಳ್ಳಗೆ ಹಾಳೆ ಎಳೆದು ಮುರಿದದ್ದು. ಚನ್ನಪಟ್ಟಣದ ಗೊಂಬೆಗಳು ಹೊಳೆಯುವುದೂ ಅರಗಿನಿಂದಲೇ. ಸ್ಪಿರಿಟ್‌ನಲ್ಲಿ, ಅಂದರೆ ಪಾಲಿಶ್‌ಗೆ ಬಳಸುವ ಮದ್ಯಸಾರದಲ್ಲಿ ಕರಗಿಸಿದರೆ, ಹಳೇ ಕುರ್ಚಿ-ಕಪಾಟುಗಳ ಮೇಲೆ ನೋಡಿದ ಆ ಕೆಂಪು ಛಾಯೆಯ ಪಾಲಿಶ್ ಸಿದ್ಧ.

ನಾನು ಇದನ್ನು ಬಳಸಿದ್ದು ಅಜ್ಜನ ಗಲ್ಲಾ ಮೇಜಿಗೆ. ಹಳೇ ಬಾಗಲಕೋಟೆಯ ಅಂಗಡಿ ಆಲಮಟ್ಟಿ ಹಿನ್ನೀರಿಗೆ ಹೋಗುವ ಮುಂಚೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನವನಗರಕ್ಕೆ ತಂದದ್ದು. ಇಳಿಜಾರು ಮುಚ್ಚಳ, ಹಿತ್ತಾಳೆ ಕೀಲು, ಒಳಗೆ ಚಿಲ್ಲರೆಗೆಂದು ಕೊರೆದ ಬಟ್ಟಲು. ಯಾರೋ ಪುಣ್ಯಾತ್ಮರು ಅಂಥ ಸಾಗವಾನಿಗೆ ಹಸಿರು ಆಯಿಲ್ ಪೇಂಟ್ ಬಳಿದಿದ್ದರು. ಮೇಲಾಗಿ ಒಂದು ಕಾಲು ಅಲುಗಾಡುತ್ತಿತ್ತು.

ಅರಗಿಗೆ ಬರುವ ಮುಂಚೆ ಆ ಪೇಂಟಿನ ವಿಷಯ. ಹಳೇ ಬಣ್ಣವನ್ನು ಒಣ ಪಾಲಿಶ್ ಪೇಪರಿನಿಂದ ತಿಕ್ಕಿ ಪುಡಿ ಎಬ್ಬಿಸಬೇಡಿ. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ, ಅದಕ್ಕಿಂತ ಹಿಂದಿನದರಲ್ಲಿ ಎಷ್ಟಿದೆಯೋ ಯಾರು ಬಲ್ಲರು. ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಟ್ಟರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಆಗ ಮರದ ಎಳೆ ಹಿಡಿದು ಕೆರೆಯಬೇಕು. ಕೈಗೆ ಗ್ಲೌಸ್ ಇರಲೇಬೇಕು, ಕೆಲಸ ಬಯಲಲ್ಲೇ ಆಗಬೇಕು. ಕಾಸ್ಟಿಕ್ ಸೋಡಾ ಸುರಿಯಿರಿ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಕೇಳಬೇಡಿ, ಸಾಗವಾನಿ ಕರ್ರಗಾಗುತ್ತದೆ.

ಕಾಲಿನ ಕೀಲನ್ನು ಹಿಂದಿನವರು ಸರೇಸು (ಪ್ರಾಣಿಗಳ ತೊಗಲು-ಮೂಳೆಯ ಅಂಟು) ಹಾಕಿ ಕೂಡಿಸಿದ್ದರು. ಬಿಸಿನೀರಿನ ಬಟ್ಟೆ ಸುತ್ತಿದರೆ ಅದು ತಾನೇ ಬಿಡುತ್ತದೆ, ಸುತ್ತಿಗೆ ಬೇಕಿಲ್ಲ. ಹಳೇ ಅಂಟನ್ನು ಪೂರ್ತಿ ಕೆರೆದು, ಸಾಗವಾನಿಯ ಎಣ್ಣೆಯಂಶ ಹೋಗಲೆಂದು ಅಸಿಟೋನ್ ಒರೆಸಿ, ಫೆವಿಕಾಲ್ ಹಚ್ಚಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿಟ್ಟೆ. ಈಗ ಮೇಜಿನ ಮೇಲೆ ಕೂತರೂ ಅಲುಗುವುದಿಲ್ಲ. ಆಮೇಲೆ 120, 180, 220 ನಂಬರಿನ ಪಾಲಿಶ್ ಪೇಪರ್, ಅದೇ ಕ್ರಮದಲ್ಲಿ, ಎಳೆಯ ದಿಕ್ಕಿಗೇ.

ಇನ್ನು ಅರಗು. ಮೊದಲು ತಂದ ಪೊಟ್ಟಣದಲ್ಲಿ ಚಕ್ಕೆಗಳೆಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಪೆಂಟಿಯಂತಾಗಿದ್ದವು. ಒಡೆದು ಹಾಕಿದರೂ ಸ್ಪಿರಿಟ್‌ನಲ್ಲಿ ಕರಗದೆ ಲೋಳೆಯಾಗಿ ತಳಕ್ಕೆ ಕೂತವು. ಅಂಗಡಿಯವರಿಗೆ ತೋರಿಸಿದರೆ, ‘ನಮ್ಮ ಕಡೆ ಬಿಸಿಲಿಗೆ ಎಲ್ಲಾ ಹಂಗ ಆಗತೈತ್ರಿ’ ಎಂಬ ಉತ್ತರ. ಬಿಸಿಲಿಗೆ ಆಗುವುದು ನಿಜವೇ, ಆದರೆ ಅದಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು? ಬೇರೆ ಅಂಗಡಿಯಲ್ಲಿ ಬಿಡಿ ಬಿಡಿಯಾಗಿ ಕಿರುಗುಟ್ಟುವ ಚಕ್ಕೆ ಸಿಕ್ಕಿತು. ಪೊಟ್ಟಣ ಅಲುಗಾಡಿಸಿ ಸದ್ದು ಕೇಳಿ ಕೊಳ್ಳಿ. ಕರಗಿಸಿಟ್ಟ ರೆಡಿಮೇಡ್ ಬಾಟಲಿಯ ಮೇಲೆ ತಯಾರಿಕೆಯ ತಾರೀಖು ಇಲ್ಲದಿದ್ದರೆ ಅದನ್ನೂ ಬಿಡಿ. ಸ್ಪಿರಿಟ್‌ನಲ್ಲಿ ತಿಂಗಳುಗಟ್ಟಲೆ ಕೂತ ಅರಗು ಹಚ್ಚಿದ ಮೇಲೆ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಅನುಮಾನವಿದ್ದರೆ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಮರುದಿನ ಉಗುರು ಊರಿ ನೋಡಿ.

ಲೀಟರ್ ಸ್ಪಿರಿಟ್‌ಗೆ 250 ಗ್ರಾಂ ಚಕ್ಕೆ. ಗಾಜಿನ ಭರಣಿಯೇ ಆಗಬೇಕು, ಕಬ್ಬಿಣದ ಡಬ್ಬಿಯಲ್ಲಿ ದ್ರಾವಣ ಕಪ್ಪಾಗುತ್ತದೆ. ರಾತ್ರಿ ನೆನೆಹಾಕಿ ಆಗಾಗ ಅಲುಗಾಡಿಸಿ, ಮರುದಿನ ಹಳೇ ಧೋತರದ ತುಂಡಿನಲ್ಲಿ ಸೋಸಿ. ಮೊದಲ ಕೈಗೆ, ಅಂದರೆ ಮೊದಲ ಲೇಪಕ್ಕೆ, ಇದಕ್ಕೆ ಅಷ್ಟೇ ಸ್ಪಿರಿಟ್ ಸೇರಿಸಿ ತೆಳುಮಾಡಿ.

ಹಚ್ಚುವುದಕ್ಕೆ ಬ್ರಶ್ ಬೇಡ. ಹತ್ತಿಯ ಉಂಡೆಯನ್ನು ಮೆತ್ತನೆ ಬಟ್ಟೆಯಲ್ಲಿ ಕಟ್ಟಿ, ಒಳಗಿನ ಹತ್ತಿಗೆ ಅರಗು ಕುಡಿಸಿ, ಹಿಂಡಿ ನೋಡಿದರೆ ಬಟ್ಟೆಯ ಮೇಲೆ ಬರೀ ಪಸೆ ಕಾಣಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಎಳೆಯಬೇಕು. ನಡುವೆ ನಿಂತಿರೋ, ಅಲ್ಲೇ ಕಚ್ಚಿ ಕಲೆ ಬೀಳುತ್ತದೆ. ಕಚ್ಚದಂತೆ ಉಂಡೆಯ ತಳಕ್ಕೆ ಒಂದು ಹನಿ ಅಗಸೆ ಎಣ್ಣೆ. ನಾವು ಚಟ್ನಿಪುಡಿ ಮಾಡುವ ಅಗಸೆಯದೇ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಳಗೇ ಕಾವು ಹುಟ್ಟಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ. ಸ್ಪಿರಿಟ್ ಇರುವಾಗ ಹತ್ತಿರ ಒಲೆಯೂ ಉರಿಯಬಾರದು. ಮೂರನೇ ಕೈ ಹೊತ್ತಿಗೆ ಮುಚ್ಚಳದ ಮೇಲೆ ಎಳೆಗಳು ಕಂದು, ಕೆಂಪು, ನಡುವೆ ಚಿನ್ನದ ಗೆರೆ ಅಂತ ಬೇರೆ ಬೇರೆಯಾಗಿ ಎದ್ದು ಬಂದವು. ಹಸಿರು ಪೇಂಟ್ ಬಳಿದವರನ್ನು ಕರೆದು ತೋರಿಸಬೇಕು ಅನಿಸಿತು.

ಬಾಗಲಕೋಟೆಯ ಒಣ ಹವೆ ಇದಕ್ಕೆ ಅನುಕೂಲ. ಬೆಳಗಾವಿ ಟಿಳಕವಾಡಿಯಲ್ಲಿರುವ ತಂಗಿ ಆಷಾಢದ ಮಳೆಯಲ್ಲಿ ಹಚ್ಚಲು ಹೋಗಿ ಮೇಲ್ಮೈಯೆಲ್ಲ ಬಿಳಿ ಮಸುಕು ಕಂಡಳು. ಗಾಳಿಯ ತೇವ ಹಸಿ ಅರಗಿಗೆ ಸೇರಿದರೆ ಹಾಗಾಗುತ್ತದೆ. ನಮ್ಮಲ್ಲಿ ಬೇಸಿಗೆಯದು ಉಲ್ಟಾ ಸಮಸ್ಯೆ, ಕೈ ಎಳೆಯುವುದರೊಳಗೆ ಸ್ಪಿರಿಟ್ ಹಾರಿಹೋಗುತ್ತದೆ. ಸಂಕ್ರಾಂತಿಯ ನಂತರ ಹಿಡಿದು ಹೋಳಿ ಹಬ್ಬಕ್ಕೆ ಮುಂಚೆ ಮುಗಿಸಿಬಿಡಿ. ನಮ್ಮೂರ ಹೋಳಿ ಗೊತ್ತಲ್ಲ, ಬಣ್ಣದ ನೀರು ಹೊಸ ಪಾಲಿಶನ್ನು ನೋಡಿ ಬಿಡುವುದಿಲ್ಲ.

ಈಗ ಕಪ್ಪಿನ ವಿಷಯ. ಬಿಸಿ ಕಪ್ಪಿಟ್ಟರೆ ಬಿಳಿ ಉಂಗುರ ಮೂಡುತ್ತದೆ. ಸ್ಯಾನಿಟೈಸರ್ ಚೆಲ್ಲಿದರೆ ಪಾಲಿಶ್ ಕರಗುತ್ತದೆ. ಹಾಗಾಗಿ ಊಟದ ಟೇಬಲ್, ಅಡುಗೆಮನೆಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಮಾಡಿಸಿ, ಅಲ್ಲಿ ಅದೇ ಮೇಲು. ಆದರೆ ಪಿಯು ಮೇಲೆ ಆಳವಾದ ಗೀರು ಬಿದ್ದರೆ ಆ ಇಡೀ ಮೈಯನ್ನು ತಿಕ್ಕಿ ಮತ್ತೆ ಹಚ್ಚಬೇಕಾಗುತ್ತದೆ. ಅರಗಿನಲ್ಲಿ ಹೊಸ ಕೈ ಹಳೆಯದನ್ನು ಕರಗಿಸಿ ಒಂದಾಗುತ್ತದೆ, ಗೀರು ಬಿದ್ದಲ್ಲಿ ಮಾತ್ರ ಸವರಿದರೆ ಸಾಕು. ಬಿಳಿ ಉಂಗುರವೂ ಸ್ಪಿರಿಟ್‌ನ ಪಸೆ ಬಟ್ಟೆ ಮೆಲ್ಲಗೆ ಆಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಐವತ್ತು ವರ್ಷದ ಮೇಜಿಗೆ ನನಗೆ ಈ ರಿಪೇರಿಯ ಸುಲಭವೇ ಮುಖ್ಯ.

ನಿಮ್ಮ ಮನೆಯ ಸಾಮಾನಿನ ಮೇಲೆ ಇರುವುದು ಅರಗೇ ಹೌದೋ ಎಂದು ತಿಳಿಯಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಬಣ್ಣ ಹತ್ತಿಗೆ ಬಂದು ಜಿಗುಟಾದರೆ ಅರಗು. ಆದರೆ ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಿದ್ದರೆ ಈ ಪರೀಕ್ಷೆಯೂ ಬೇಡ. ಅದರ ಚಿತ್ರಗಳಿಗೂ ಅರಗಿನ ಲೇಪವಿರುತ್ತದೆ, ಸ್ಪಿರಿಟ್ ತಾಗಿದರೆ ಚಿತ್ರಕ್ಕೇ ಕುತ್ತು. ಒಣ ಬಟ್ಟೆಯಿಂದ ಧೂಳು ಒರೆಸಿ, ಅಷ್ಟು ಸಾಕು.