ಮ್ಯೂಸಿಯಂಗೆ ಹೋಗುವ ಮೂರು ಟ್ಯಾಬ್‌ಗಳು: ನಾಲ್ಕು ವರ್ಷ ಬಳಸಿದ ಮೇಲೆ

ಚಿಕ್ಕಬಳ್ಳಾಪುರದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುವಾಗ ಬಳಸಲೆಂದೇ ಮೂರು ಟ್ಯಾಬ್ ಕೊಂಡೆ. ಒಂದಕ್ಕೆ ಎಂಟು ಸಾವಿರ. ಎರಡು ನನ್ನ ದುಡ್ಡಿನದು, ಒಂದು ಹಳೆ ವಿದ್ಯಾರ್ಥಿಗಳು ಕೊಡಿಸಿದ್ದು. ಜೊತೆಗೆ ಮ್ಯೂಸಿಯಂ ಕಲಿಕೆಯ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ.

ಮೊದಲು ಆ್ಯಪ್ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಸರಿ ಉತ್ತರ ಒತ್ತಿದರೆ ಆ್ಯಪ್‌ನಲ್ಲಿ ನಕ್ಷತ್ರ ಸಿಗುತ್ತದೆ. ಮಕ್ಕಳೆಲ್ಲ ನಕ್ಷತ್ರದ ಹಿಂದೆ ಬಿದ್ದರು. ಆತಕೂರು ಶಾಸನದ ಹತ್ತಿರ ಬಂದರೂ ಕಲ್ಲಿಗೆ ಬೆನ್ನು ಹಾಕಿ ಟ್ಯಾಬ್ ನೋಡುತ್ತಾ ನಿಂತಿದ್ದರು. ನಡುವೆ ನೆಟ್‌ವರ್ಕ್ ಹೋಯಿತು, ಪರದೆ ಮೇಲೆ ಚಕ್ರ ಸುಮ್ನೆ ಸುತ್ತುತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದು ಬಸ್ ಹತ್ತಿದ ಮಕ್ಕಳು ಅವರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ಚಂದಾ ಕಟ್ಟಲಿಲ್ಲ. ಈಗ ಹೊರಡುವ ಹಿಂದಿನ ರಾತ್ರಿ ನನ್ನದೇ ಒಂದು ಕ್ರಮ ಇದೆ. ಮೂರನ್ನೂ ಸಾಲಾಗಿ ಚಾರ್ಜ್‌ಗೆ ಹಾಕುತ್ತೇನೆ. ಮೆತ್ತನೆ ಬಟ್ಟೆಯಲ್ಲಿ ಕ್ಯಾಮೆರಾ ಗಾಜು ಒರೆಸುತ್ತೇನೆ. ಹಿಂದಿನ ಸಲದ ಫೋಟೊಗಳನ್ನು ಶಾಲೆಯ ಕಂಪ್ಯೂಟರ್‌ಗೆ ಹಾಕಿ ಜಾಗ ಮಾಡುತ್ತೇನೆ. ಕೊನೆಗೆ ಏರೋಪ್ಲೇನ್ ಮೋಡ್. ಕ್ಯಾಮೆರಾ, ವಾಯ್ಸ್ ರೆಕಾರ್ಡರ್, ಇವೆರಡೇ ಸಾಕು.

ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್. ಮೊದಲ ಐದು ನಿಮಿಷ ಟ್ಯಾಬ್ ಚೀಲದಲ್ಲೇ ಇರಬೇಕು, ಬರೀ ಕಣ್ಣಲ್ಲಿ ನೋಡಬೇಕು.

ಆತಕೂರು ಶಾಸನ 949ನೇ ಇಸವಿಯದು. ಮಂಡ್ಯ ಜಿಲ್ಲೆಯಿಂದ ಬಂದ ಕಲ್ಲು. ಗಂಗರ ರಾಜ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಎನ್ನುವ ಬೇಟೆನಾಯಿಯನ್ನು! ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು.

ಅಕ್ಷರ ಎದುರಿನಿಂದ ನೋಡಿದರೆ ಅಷ್ಟು ಕಾಣುವುದಿಲ್ಲ. ಫ್ಲ್ಯಾಶ್ ಹಾಕಿದರೆ ಇನ್ನೂ ಮಾಸಲು. ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಂಡು, ನನ್ನ ಫೋನಿನ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದೆ. ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬಂದವು. "ಸಾರ್, ಇದು ಗ ಅಲ್ವಾ?" ಅಂತ ಒಬ್ಬ ಕೂಗಿದ. ಆಮೇಲೆ ಗೊತ್ತಿರುವ ಅಕ್ಷರ ಹುಡುಕೋದೇ ಆಟ. ಫೋಟೊ ಹಿಗ್ಗಿಸಿ, ಮತ್ತೆ ಕಲ್ಲು ನೋಡಿ, ಮತ್ತೆ ಫೋಟೊ. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಅವತ್ತಿನಿಂದ ನನಗೆ ಈ ಟ್ಯಾಬ್ ಮೇಲೆ ಪ್ರೀತಿ ಬಂತು.

ಎಲ್ಲ ಕಡೆಗೂ ಇದು ಬೇಕಿಲ್ಲ. ಅದೇ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿಯೇ ಕಲಿಯಬಹುದು. ಅಲ್ಲಿ ನಾನು ಟ್ಯಾಬ್ ಹೊರಗೆ ತೆಗೆಯಲು ಬಿಡುವುದಿಲ್ಲ. ನಮ್ಮ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ನೋಡಲು ಹೋದಾಗ ಮಾತ್ರ ರೆಕಾರ್ಡರ್ ಕೊಡುತ್ತೇನೆ. ನೋಡಿದ್ದನ್ನು ಮಕ್ಕಳು ತಮ್ಮ ಮಾತಲ್ಲಿ ಹೇಳಿ ತುಂಬಿಸುತ್ತಾರೆ.

ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಒಬ್ಬಳು ಹುಡುಗಿ ಕಾಳಿಯ ಕಥೆಯನ್ನು ಅಜ್ಜಿಗೆ ಕೇಳಿಸಬೇಕು ಅಂತ ತೆಲುಗಿನಲ್ಲಿ ರೆಕಾರ್ಡ್ ಮಾಡಿದಳು. ಟ್ಯಾಬನ್ನು ಮನೆಗೇ ಕಳಿಸಿದೆ. ಮಾರನೇ ದಿನ ಬಂದು, "ಸಾರ್, ಹಂದೀನೂ ಸತ್ತಿತಲ್ಲ, ಅದಕ್ಕೆ ಕಲ್ಲು ಯಾಕಿಲ್ಲ ಅಂತ ಅಜ್ಜಿ ಕೇಳಿದ್ರು" ಅಂದಳು. ಇಬ್ಬರೂ ಕೂತು ಫೋಟೊ ಹಿಗ್ಗಿಸಿ ನೋಡಿದೆವು. ಹಂದಿಯೂ ಅದೇ ಕಲ್ಲಿನಲ್ಲಿದೆ, ನಾಯಿಯ ಎದುರಿಗೇ. ಅಜ್ಜಿಗೆ ತೋರಿಸಲು ಸಂಜೆ ಟ್ಯಾಬ್ ಮತ್ತೆ ಅವಳ ಮನೆಗೆ ಹೋಯಿತು.

ಮೂರರಲ್ಲಿ ಒಂದರ ಬ್ಯಾಟರಿ ಈಗ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹೊಸ ಟ್ಯಾಬ್ ಕೊಳ್ಳುವುದಿಲ್ಲ, ಬ್ಯಾಟರಿ ಹಾಕಿಸುತ್ತೇನೆ.