ಬಾಯ್ಲರ್ ಟ್ಯೂಬ್‌ಗೆ ಕ್ರೋಮಿಯಂ ಕಾರ್ಬೈಡ್ ಕೋಟಿಂಗ್: ಹಲವು ಹಂಗಾಮು ಕಂಡ ಮೇಲೆ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಬಾಯ್ಲರ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಎಕನಾಮೈಸರ್ (ಹೊರಹೋಗುವ ಹೊಗೆಯ ಬಿಸಿಯಿಂದ ಬಾಯ್ಲರ್ ನೀರು ಕಾಯಿಸುವ ಭಾಗ) ಟ್ಯೂಬ್‌ಗಳಿಗೆ ಎಚ್‌ವಿಒಎಫ್ (ಅತಿವೇಗದ ಉರಿಯಲ್ಲಿ ಪುಡಿ ಸ್ಪ್ರೇ ಮಾಡುವ) ವಿಧಾನದಲ್ಲಿ ಕ್ರೋಮಿಯಂ ಕಾರ್ಬೈಡ್–ನಿಕಲ್ ಕ್ರೋಮ್ ಕೋಟಿಂಗ್ ಹಾಕಿಸಿ ಹಲವು ಹಂಗಾಮು ಕಳೆದಿವೆ. ದುಡ್ಡು ದಂಡವಾಗಲಿಲ್ಲ. ಆದರೆ ಎಲ್ಲ ಕಡೆ ಇದು ನಡೆಯುವುದಿಲ್ಲ.

ನಮ್ಮ ತೊಂದರೆ ಮರಳಿನದು. ಮಳೆ ಬಿದ್ದಾಗ ಕಡಿದ ಕಬ್ಬಿನ ಜೊತೆ ಹೊಲದ ಮಣ್ಣೂ ಬರುತ್ತದೆ. ಅದು ನಾವು ಉರುವಲಾಗಿ ಬಳಸುವ, ರಸ ಹಿಂಡಿದ ಸಿಪ್ಪೆಯಲ್ಲೇ ಉಳಿದು ಫರ್ನೇಸಿಗೆ ಹೋಗಿ, ಹೊಗೆಯ ಜೊತೆ ಹಾರಿ ಟ್ಯೂಬಿಗೆ ಬಡಿಯುತ್ತದೆ. ಮರಳಿನ ಗಡಸುತನ ಸುಮಾರು 1,100 ವಿಕರ್ಸ್, ಟ್ಯೂಬಿನ ಉಕ್ಕಿನದು 150ರ ಆಸುಪಾಸು. ಸವೆಯದೆ ಇನ್ನೇನಾಗುತ್ತೆ? ಹಂಗಾಮಿನ ನಡುವೆ ಟ್ಯೂಬ್ ಲೀಕ್ ಆದರೆ ಮಿಲ್ ನಿಲ್ಲುತ್ತದೆ. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು, ಒಣಗುತ್ತಿರುವ ಕಬ್ಬು, ರೈತರ ಮುಖ. ಅದನ್ನು ನೋಡೋಕೆ ಆಗಲ್ಲ.

ಕೋಟಿಂಗ್‌ನಲ್ಲಿ 75 ಭಾಗ ಕಾರ್ಬೈಡ್, 25 ಭಾಗ ನಿಕಲ್ ಕ್ರೋಮ್. ಕಾರ್ಬೈಡ್ ಸವಕಲು ತಡೆಯುತ್ತದೆ, ನಿಕಲ್ ಕ್ರೋಮ್ ಅದನ್ನು ಹಿಡಿದಿಟ್ಟುಕೊಂಡು ತುಕ್ಕಿನಿಂದ ಕಾಯುತ್ತದೆ. ಪುಡಿಯನ್ನು ಶಬ್ದಕ್ಕಿಂತ ವೇಗವಾಗಿ ಓಡುವ ಉರಿಯಲ್ಲಿ ಚಿಮ್ಮಿಸುವುದರಿಂದ ಪದರ ಗಟ್ಟಿಯಾಗಿ ಕೂರುತ್ತದೆ, ರಂಧ್ರ ತುಂಬಾ ಕಡಿಮೆ. ಸುಮಾರು 850 ಡಿಗ್ರಿವರೆಗೆ ತಾಳುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಇದಕ್ಕಿಂತ ಗಡಸು, ಆದರೆ 500 ಡಿಗ್ರಿ ದಾಟಿದರೆ ಕೆಡುತ್ತದೆ. ಅದನ್ನು ಐಡಿ ಫ್ಯಾನಿನ (ಹೊಗೆ ಎಳೆದು ಚಿಮಣಿಗೆ ತಳ್ಳುವ ಫ್ಯಾನ್) ಇಂಪೆಲ್ಲರ್‌ಗೆ, ಅಂದರೆ ತಿರುಗುವ ಚಕ್ರಕ್ಕೆ, ಇಟ್ಟುಕೊಳ್ಳಿ.

ಆಫ್ ಸೀಜನ್‌ನಲ್ಲಿ ಬೂದಿ ತೊಳೆದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಎಲ್ಲವೂ ಗೊತ್ತಾಗುತ್ತದೆ. ಮುಂದಿನ ಸಾಲಿನ ನೇರ ಟ್ಯೂಬ್‌ಗಳಲ್ಲಿ ಬೂದು ಬಣ್ಣದ ಪದರ ಇನ್ನೂ ಹಾಗೇ ಇದೆ. ಬೆಂಡ್‌ಗಳಲ್ಲಿ ಹೊಳೆಯುವ ಬರಿ ಉಕ್ಕು. ಸ್ಪ್ರೇ ಗನ್ ನೇರವಾಗಿ ಹಿಡಿದು, ಸುಮಾರು ಒಂದು ಅಡಿ ದೂರದಿಂದ ಹೊಡೆಯಬೇಕು. ಇಕ್ಕಟ್ಟಾದ ಬೆಂಡಿನ ಒಳಗೆ ಅದು ಸಾಧ್ಯವಿಲ್ಲ. ಇನ್ನೊಂದು ಜಾಗ ವೆಲ್ಡಿಂಗ್ ಜಾಯಿಂಟ್. ವೆಲ್ಡ್ ಮಾಡಲು ಅಂತ ಬಿಟ್ಟ ಬರಿ ಪಟ್ಟಿಯಲ್ಲಿ ಉಕ್ಕು ಸವೆದು ತಗ್ಗಾಗಿ, ಕೋಟಿಂಗ್ ಅಂಚಿಗೆ ಬೆರಳಿಟ್ಟರೆ ಉಗುರು ಸಿಕ್ಕಿಕೊಳ್ಳುತ್ತದೆ.

ಕೆಲಸ ಹಿಡಿದವರ ಪಕ್ಕದಲ್ಲೇ ನಿಲ್ಲಿ. ನಮ್ಮಲ್ಲಿ ಒಂದು ಪಾರ್ಟಿ ಬೆಳಿಗ್ಗೆ ಬ್ಲಾಸ್ಟಿಂಗ್ (ಒರಟು ಕಣ ಚಿಮ್ಮಿಸಿ ಮೇಲ್ಮೈ ಶುಚಿಮಾಡುವುದು) ಮಾಡಿದ ಟ್ಯೂಬ್‌ಗಳನ್ನು ರಾತ್ರಿಯೆಲ್ಲ ತೆರೆದಿಟ್ಟು ಮರುದಿನ ಸ್ಪ್ರೇ ಮಾಡಿತು. ಮೊದಲ ಹಂಗಾಮಿನಲ್ಲೇ ಅವುಗಳ ಪದರ ಚಕ್ಕೆಯಾಗಿ ಎದ್ದಿತು. ಬ್ಲಾಸ್ಟಿಂಗ್ ಆದ ಕೆಲವೇ ಗಂಟೆಗಳಲ್ಲಿ ಸ್ಪ್ರೇ ಆಗಬೇಕು. ದಪ್ಪ 250 ಮೈಕ್ರಾನ್‌ಗೆ ಕಡಿಮೆ ಇರಬಾರದು, ಗೇಜ್ ಹಿಡಿದು ಪ್ರತಿ ಟ್ಯೂಬ್ ನೋಡಿ.

ಸೂಪರ್‌ಹೀಟರ್‌ಗೆ (ಉಗಿಯನ್ನು ಇನ್ನಷ್ಟು ಕಾಯಿಸುವ ಟ್ಯೂಬ್‌ಗಳು) ಮಾತ್ರ ನಾನು ಇದನ್ನು ಹೇಳಲ್ಲ, ಅದರಲ್ಲೂ ಕಬ್ಬಿನ ರವದಿ (ಒಣಗಿದ ಎಲೆ) ಉರಿಸುವವರಿಗೆ. ರವದಿಯಲ್ಲಿ ಪೊಟ್ಯಾಸಿಯಂ, ಕ್ಲೋರಿನ್ ಜಾಸ್ತಿ. ಅವು ಪದರದ ಸಣ್ಣ ರಂಧ್ರಗಳಿಂದ ಒಳಗಿಳಿದು ಕೆಳಗಿನ ಉಕ್ಕನ್ನೇ ತಿನ್ನುತ್ತವೆ.

ಈ ಸಲ ಬೆಂಡ್‌ಗಳಿಗೆ ಸ್ಟೇನ್‌ಲೆಸ್ ಶೀಲ್ಡ್ ಹಾಕಿಸುತ್ತಿದ್ದೇವೆ. ನೇರ ಭಾಗಕ್ಕೆ ಮತ್ತೆ ಇದೇ ಕೋಟಿಂಗ್‌ಗೆ ಆರ್ಡರ್ ಕೊಟ್ಟಾಗಿದೆ.